ಮಿಸ್ ಐಯೋನಿಯನ್ನು ಕಳ್ಳಿ ಎಂದ ರೇಡಿಯೋ

ಜಮೈಕಾದ ಕ್ರಿಶ್ಚಿಯಾನಾ ಊರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ, ಮಾರ್ಕೆಟ್ಟಿನ ಹೆಂಗಸರೆಲ್ಲ ನೋಡುತ್ತಿರುವಾಗಲೇ, ಎವರಾರ್ಡ್ ಪಿನಕ್ ಸ್ಪ್ಯಾನರ್ ಹಿಡಿದು ಮಿಸ್ ಐಯೋನಿಯ ಬಾಡಿಗೆ ಕಾರಿನ ಹಳೆಯ ಬ್ಯಾಟರಿ ಬಿಚ್ಚಲು ಹೋದ. ಚಟ್ ಎಂದು ಕಿಡಿ ಹಾರಿತು. ಎವರಾರ್ಡ್ ಹಿಂದಕ್ಕೆ ನೆಗೆದು, ಯಾರದೋ ಈರುಳ್ಳಿ ಸೊಪ್ಪಿನ ಬುಟ್ಟಿಯಲ್ಲಿ ಕುಳಿತುಬಿಟ್ಟ. ಜೀವಮಾನವೆಲ್ಲ ಕೃಷಿ ಇಲಾಖೆಯಲ್ಲಿ ಫೈಲು ಕಟ್ಟಿ ನಿವೃತ್ತನಾದವನಿಗೆ, ಯಂತ್ರಗಳೆಂದರೆ ತನಗೆ ನೀರು ಕುಡಿದಷ್ಟು ಸುಲಭ ಎಂಬ ನಂಬಿಕೆ ಎಲ್ಲಿಂದ ಬಂತೋ ಅವನಿಗೂ ಗೊತ್ತಿಲ್ಲ. ಬುಟ್ಟಿಯ ಒಡತಿ ಅವನನ್ನು ಎಬ್ಬಿಸುವ ಗೋಜಿಗೆ ಹೋಗಲಿಲ್ಲ. ಅವನ ಕೆಳಗಿನಿಂದ ಸೊಪ್ಪನ್ನಷ್ಟೇ ಎಳೆದುಕೊಂಡಳು.

ಅಂತೂ ಹೊಸ ಬ್ಯಾಟರಿ ಕೂತಿತು. ಕಾರೂ ಸ್ಟಾರ್ಟ್ ಆಯಿತು. ರೇಡಿಯೋ ಮಾತ್ರ ಬಾಯಿ ಬಿಡಲಿಲ್ಲ. ಅದರ ಪರದೆಯ ಮೇಲೆ ಎರಡು ಸಾಲು ಜಪಾನಿ ಅಕ್ಷರ, ಕೆಳಗೆ ಒಂದಷ್ಟು ಖಾಲಿ ಚೌಕ.

"ತಾನಾಗೇ ಸರಿ ಹೋಗತ್ತೆ ಬಿಡಿ," ಎಂದ ಎವರಾರ್ಡ್, ಪ್ಯಾಂಟಿಗೆ ಅಂಟಿದ ಸೊಪ್ಪು ಕೊಡವುತ್ತ.

ಮಿಸ್ ಐಯೋನಿ ಅವನನ್ನು ನೋಡಿದರು. ಊಟದ ತಟ್ಟೆಯಲ್ಲಿ ಕೂದಲು ಸಿಕ್ಕಾಗ ನೋಡುವ ನೋಟ ಅದು.

ಜಪಾನಿನಲ್ಲಿ ಯಾರೋ ಓಡಿಸಿ ಸಾಕಾಗಿ ಬಿಟ್ಟ ಕಾರುಗಳೇ ಜಮೈಕಾದ ಬೆಟ್ಟದ ರಸ್ತೆಗಳಲ್ಲಿ ಎರಡನೇ ಜನ್ಮ ಸವೆಸುವುದು. ಅಂಥ ಕಾರು ಏನು ಮಾತಾಡುತ್ತದೆ ಎಂದು ಇಲ್ಲಿ ಯಾರಿಗೂ ತಿಳಿಯದು, ಯಾರೂ ತಲೆ ಕೆಡಿಸಿಕೊಳ್ಳುವುದೂ ಇಲ್ಲ. ಆದರೆ ಎದುರಿನ ಟೈರ್ ಅಂಗಡಿಯವನು ಒಮ್ಮೆ ಇಣುಕಿ ನೋಡಿ ವಿಷಯ ಬಿಡಿಸಿ ಹೇಳಿದ. ಬ್ಯಾಟರಿ ತೆಗೆದರೆ ಈ ರೇಡಿಯೋ, ತನ್ನನ್ನು ಕಳ್ಳ ಕಿತ್ತುಕೊಂಡು ಹೋದ ಎಂದು ತಿಳಿದುಕೊಳ್ಳುತ್ತದಂತೆ. ಫ್ಯಾಕ್ಟರಿಯಲ್ಲೇ ಅದಕ್ಕೆ ಹಾಗೆ ಬುದ್ಧಿ ಕಲಿಸಿ ಕಳಿಸಿದ್ದಾರೆ. ಗುಟ್ಟಿನ ನಂಬರು ಒತ್ತುವ ತನಕ ಉಸಿರೆತ್ತುವುದಿಲ್ಲ.

"ಅಂದ್ರೆ ಕಳ್ಳಿ ಯಾರು, ನಾನಾ?" ಎಂದು ಕೇಳಿದರು ಮಿಸ್ ಐಯೋನಿ. ಟೈರಿನವನಿಗೆ ತಟ್ಟನೆ ಅಂಗಡಿಯಲ್ಲಿ ಕೆಲಸ ನೆನಪಾಯಿತು.

ಈ ಮಾತು ಅವರಿಗೆ ಅಷ್ಟು ಚುಚ್ಚಿದ್ದೇಕೆಂದು ಎವರಾರ್ಡ್‌ಗೆ ಗೊತ್ತಿತ್ತು. ಹರೆಯದಲ್ಲಿ ಅವರು ಕಿಂಗ್‌ಸ್ಟನ್ನಿನ ದೊಡ್ಡ ಮನೆಯೊಂದರಲ್ಲಿ ಕೆಲಸಕ್ಕಿದ್ದರು. ದಿನಾ ಸಂಜೆ ಮನೆಗೆ ಹೊರಟಾಗ ಗೇಟಿನ ಹತ್ತಿರ ಯಜಮಾನಿ ಅವರ ಕೈಚೀಲ ತಲೆಕೆಳಗು ಮಾಡಿಸುತ್ತಿದ್ದಳು. ಬಾಚಣಿಗೆ, ಬೈಬಲ್, ಅರ್ಧ ತಿಂದ ಬನ್ನು, ಎಲ್ಲ ನೆಲದ ಮೇಲೆ. ಆಮೇಲೆ ಊರಿಗೆ ಬಂದು, ಇದೇ ಸ್ಟ್ಯಾಂಡಿನಲ್ಲಿ ಮೀನು ಕರಿದು ಮಾರಿ, ಆ ಎಣ್ಣೆ ಹೊಗೆಯಲ್ಲೇ ಈ ಕಾರು ಕೊಂಡವರು. ಅಂದಿನಿಂದ ಅವರಿಗೆ ಹೇಸಿಗೆ ಎನಿಸದ್ದೇ ಕಡಿಮೆ. ಬಾಗಿಲು ಧಡಾರನೆ ಹಾಕುವವರು, ಸೀಟಿಗೆ ಕೈ ಒರೆಸುವವರು, ಕಾರು ಹತ್ತಿದ ಕೂಡಲೇ ಉಪದೇಶ ಶುರು ಮಾಡುವವರು. ಕಾರಿನ ಮೇಲೆ ಮಾತ್ರ ಈವರೆಗೆ ದೂರಿರಲಿಲ್ಲ.

"ಈಗ ನನ್ ಕಾರೇ ಗೇಟಲ್ಲಿ ನಿಂತು ನನ್ ಚೀಲ ಕೊಡವ್ತಾ ಇದೆ ನೋಡಿ, ಮಿಸ್ಟರ್ ಎವರಾರ್ಡ್. ಥೂ."

ಚೀಲ ಕೊಡವುವುದರ ಜತೆಗೆ ಅದು ಅನ್ನಕ್ಕೂ ಕೈ ಹಾಕಿತ್ತು. ಸ್ಪಾಲ್ಡಿಂಗ್ಸ್ ರಸ್ತೆಯಲ್ಲಿ ಬೆಳಗಿನ ಗಿರಾಕಿಗಳೆಂದರೆ ಗೆಣಸು, ಶುಂಠಿ ಮಾರುವ ಹೆಂಗಸರು. ಅವರು ಕಾರು ಆರಿಸುವುದು ರೇಡಿಯೋ ನೋಡಿ. ಮೊದಲು ದೇವರ ಹಾಡು, ಆಮೇಲೆ ಸಾವಿನ ಸುದ್ದಿ: ಯಾರು ಹೋದರು, ಎಲ್ಲಿಯವರು, ಮಣ್ಣು ಯಾವಾಗ. ಇಷ್ಟು ಕೇಳದೆ ಅವರಿಗೆ ಬೆಳಗಾಗುವುದಿಲ್ಲ. ಮಿಸ್ ಐಯೋನಿಯ ಕಾರು ಮೂಕವಾದದ್ದೇ ತಡ, ಅವರು ಒಬ್ಬೊಬ್ಬರಾಗಿ ಡೆಂಜಿಲ್ ಎಂಬ ಹುಡುಗನ ಕಾರಿಗೆ ಹತ್ತತೊಡಗಿದರು. ಅವನ ಸ್ಪೀಕರುಗಳು ಡಿಕ್ಕಿ ತುಂಬ.

ಉಳಿದ ನಾಲ್ವರು ನಿಷ್ಠಾವಂತರೇ ರೇಡಿಯೋವನ್ನು ಮುಗಿಸಿದ್ದು. ಈ ಊರಲ್ಲಿ ಕನಸಿಗೊಂದು ಲಾಟರಿ ನಂಬರು ಉಂಟು. ಮೀನು ಕಂಡರೆ ಒಂದು, ಹೆಣ ಕಂಡರೆ ಇನ್ನೊಂದು, ಕಳ್ಳನಿಗೂ ಅವನದೇ ಒಂದು. ಬಚ್ಚಿಟ್ಟ ನಂಬರು ಎಂದಮೇಲೆ ಕನಸಿಗೆ ಬರಲೇಬೇಕಲ್ಲ. ಹಿಂದಿನ ಸೀಟಿನಲ್ಲಿ ಒಬ್ಬರ ಮೇಲೊಬ್ಬರು ಕೂತು, "ಸ್ವಲ್ಪ ಚಿಕ್ಕವರಾಗ್ರಮ್ಮ" ಎಂದು ತಳ್ಳಾಡುತ್ತ, ರಾತ್ರಿ ಕಂಡದ್ದನ್ನೆಲ್ಲ ಒಪ್ಪಿಸುತ್ತಿದ್ದರು. ಮುಂದಿನ ಸೀಟಿನ ಎವರಾರ್ಡ್ ಅದನ್ನು ಅಂಕಿಗೆ ತಿರುಗಿಸಿ ಒತ್ತುತ್ತಿದ್ದ. ಒತ್ತಿದಾಗೆಲ್ಲ ಪರದೆಯ ಮೂಲೆಯ ಅಂಕಿಯೊಂದು ಕಡಿಮೆಯಾಗುತ್ತಿತ್ತು.

"ಹತ್ರ ಬರ್ತಾ ಇದೀವಿ," ಎಂದು ಅವನು ಧೈರ್ಯ ಹೇಳಿದ.

ಆ ಅಂಕಿ ಸೊನ್ನೆಗಿಳಿದಾಗ ಪರದೆ ಕಪ್ಪಾಯಿತು. ಎಷ್ಟು ಅವಕಾಶ ಉಳಿದಿದೆ ಎಂದು ಅದು ಎಣಿಸುತ್ತಿದ್ದದ್ದು ಎನ್ನುವುದು ಆಗ ಹೊಳೆಯಿತು. ಮಿಸ್ ಐಯೋನಿ ಬೈಯಲಿಲ್ಲ. ಲೊಚಗುಟ್ಟಿದರು, ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು ಎಂದುಕೊಂಡ ಎವರಾರ್ಡ್.

ಮ್ಯಾಂಡೆವಿಲ್ಲಿನಲ್ಲಿ ಏಸಿ ಹಾಕಿಕೊಂಡು ಕೂತ ರಿಪೇರಿಯವನೊಬ್ಬನಿದ್ದ. ಅಲ್ಲಿಗೂ ಹೋದದ್ದಾಯಿತು. ಜಪಾನಿನ ಮೊದಲ ಮಾಲೀಕನ ಕಾಗದ ಬೇಕು, ಆಮೇಲೆ ನೋಡೋಣ ಎಂದವನು, ಮಿಸ್ ಐಯೋನಿಯನ್ನು ಮೇಲಿಂದ ಕೆಳಗೆ ಅಳೆದು, ಈ ಕಾರು ನಿಮ್ಮ ಕೈಗೆ ಹೇಗೆ ಬಂತು ಎಂದು ಕೇಳಿದ. ಅವರು ಮೇಜಿನ ಮೇಲಿದ್ದ ಕೀಲಿ ತೆಗೆದುಕೊಂಡು ಹೊರಗೆ ಬಂದರು. ಬೆಟ್ಟ ಹತ್ತುವವರೆಗೂ ಎವರಾರ್ಡ್ ಬಾಯಿ ತೆರೆದಾಗೆಲ್ಲ ಗೇರು ಗರ್ರೆನ್ನುತ್ತಿತ್ತು.

ಮಾರನೇ ದಿನ ಮಿಸ್ ಐಯೋನಿಯ ಅಡುಗೆಮನೆಯ ಕಪಾಟಿನಿಂದ ಅವರ ತಾಯಿಯ ಕಾಲದ ಪುಟ್ಟ ರೇಡಿಯೋ ಇಳಿಯಿತು. ಅದಕ್ಕೆ ಸೆಲ್ ಹಾಕಿ, ಹಗ್ಗದಿಂದ ಕಟ್ಟಿ, ಸತ್ತ ರೇಡಿಯೋದ ಮೂತಿಯ ಮುಂದೆಯೇ ಕೂರಿಸಿದರು. ದನಿ ನೆಗಡಿ ಹಿಡಿದವರಂತಿದ್ದರೂ ಸತ್ತವರ ಹೆಸರು ಸ್ಪಷ್ಟವಾಗಿ ಕೇಳುತ್ತಿತ್ತು. ಹೆಂಗಸರಿಗೆ ಬೇಕಾದದ್ದೂ ಅದೇ. ಡೆಂಜಿಲನ ಕಾರಿನಲ್ಲಿ ಎದೆ ನಡುಗುತ್ತದೆ ಎಂದು ದೂರುತ್ತ ಒಬ್ಬೊಬ್ಬರೇ ಮರಳಿ ಬಂದರು. ಹಿಂದಿನ ಸೀಟಿನಲ್ಲಿ ಮತ್ತೆ ಚಿಕ್ಕವರಾದರು.

ಆ ಭಾನುವಾರ ಚರ್ಚಿನಲ್ಲಿ ಪಾಸ್ಟರ್ ಪ್ರವಚನದ ನಡುವಿನಲ್ಲಿದ್ದಾಗ ಹೊರಗೆ ಮಿಸ್ ಐಯೋನಿಯ ಕಾರು ಕೂಗಿಕೊಂಡಿತು. ಕಳ್ಳರನ್ನು ಹೆದರಿಸಲೆಂದು ಕಂಪನಿಯವರೇ ಕೂರಿಸಿದ ಸೈರನ್ ಅದು. ಆಡು ಒರಗಿದರೂ ಕೂಗುತ್ತದೆ, ಗಾಳಿ ಬೀಸಿದರೂ ಕೂಗುತ್ತದೆ. ಹಾಗಾಗಿ ಸಭೆ ಕಾರಿನತ್ತ ನೋಡದೆ ಮಿಸ್ ಐಯೋನಿಯತ್ತ ನೋಡಿತು. ಅವರು ಅಸಹ್ಯದಿಂದ ಕೀಲಿಯನ್ನು ಎವರಾರ್ಡ್‌ನ ಮಡಿಲಿಗೆ ಎಸೆದರು.

"ಮೊದ್ಲು ಅದರ ಬಾಯ್ ಮುಚ್ಚಿಸಿ."

ಎವರಾರ್ಡ್ ಬಾಗಿಲ ತನಕ ಹೋದ. ಹೊರಗೆ ಬಿಸಿಲಿತ್ತು, ಅವನ ಬೂಟು ಹೊಸದು. ನಿಂತಲ್ಲಿಂದಲೇ ಕೈ ಚಾಚಿ ಕೀಲಿಯ ಗುಂಡಿ ಒತ್ತಿದ. ಸೈರನ್ ನಿಂತಿತು. ಕಾರು ಎರಡು ಸಲ ಕಣ್ಣು ಮಿಟುಕಿಸಿ, ನಾಲ್ಕು ಬಾಗಿಲಿನ ಚಿಲಕವನ್ನೂ ಟಕ್ಕೆಂದು ತೆರೆಯಿತು. ಅದರ ಆಚೆ ಬದಿಯಲ್ಲಿ ಕೈಯಲ್ಲಿ ತಂತಿ ಹಿಡಿದು ಕೂತಿದ್ದವನಿಗೆ ಇದು ದೇವರ ಕೃಪೆಯೆಂದೇ ಕಂಡಿರಬೇಕು. ಪಾಸ್ಟರು ತಲೆದೂಗಿ ವಂದಿಸಿದರು. ಎವರಾರ್ಡ್ ತಾನೂ ತಲೆದೂಗಿ ಬಂದು ಕುಳಿತ.

ಪ್ರಾರ್ಥನೆ ಮುಗಿಸಿ ಹೊರಬಂದಾಗ ಕಾರಿನಲ್ಲಿ ಪುಟ್ಟ ರೇಡಿಯೋ ಕಟ್ಟಿದ್ದ ಹಗ್ಗ ಮಾತ್ರ ಉಳಿದಿತ್ತು.

ಪೊಲೀಸ್ ಠಾಣೆಯಲ್ಲಿ ಕಾರ್ಪೊರಲ್ ಖೀಮಾ ತುಂಬಿದ ಪ್ಯಾಟಿ ತಿನ್ನುತ್ತಿದ್ದ. ಕಾರನ್ನೊಮ್ಮೆ ನೋಡಿ ಬಂದು, ಬೆರಳು ನೆಕ್ಕಿ, ಪೆನ್ನು ಹಿಡಿದ. ಗಾಜು ಒಡೆದಿಲ್ಲ, ಬೀಗ ಮುರಿದಿಲ್ಲ, ಬಾಗಿಲು ತೆರೆದವರು ಯಾರು ಎಂದು ಕೇಳಿದ. ಎವರಾರ್ಡ್ ಗೋಡೆಯ ಕ್ಯಾಲೆಂಡರಿನಲ್ಲಿ ಮುಳುಗಿಹೋದ. ಮಿಸ್ ಐಯೋನಿ ಅವನ ಕಡೆ ತಿರುಗದೆ, ಕಾರೇ ತೆರೆಯಿತು, ಅದಕ್ಕೆ ಜನರ ಗುರುತು ಚೆನ್ನಾಗಿ ಹತ್ತುತ್ತದೆ ಎಂದರು.

ಕಾರ್ಪೊರಲ್ ಪೆನ್ನು ಕೆಳಗಿಟ್ಟ.

"ಒಂದು ಹಳೇ ಡಬ್ಬ ಹೋಯ್ತು, ಸರಿ. ಆದ್ರೆ ಮಿಸ್, ಕಂಪನಿ ಕೂರ್ಸಿದ್ ದೊಡ್ ರೇಡಿಯೋ ಅಲ್ಲೇ ಇದ್ಯಲ್ಲ, ಒಂದ್ ಗೀರೂ ಬಿದ್ದಿಲ್ಲ. ಮತ್ತೆ ನಿಮ್ ದೂರು ಏನು?"

"ಅದು ಅಲ್ಲೇ ಇದ್ಯಲ್ಲ, ಅದೇ," ಎಂದರು ಮಿಸ್ ಐಯೋನಿ.