‘ಇದನ್ನು ಯಾರು ನೋಡಬಹುದು?’ ಎಂದು ಕೇಳುವ ಇಬ್ತಿಹಾಜ್

ಬೆಟ್ಟದ ಅಂಚು ಈಗಷ್ಟೇ ಬೆಳ್ಳಗಾಗುತ್ತಿದೆ. ಖಿರ್ಬತ್ ಸುಮ್ಮಾಕ್‌ನ ಆಲಿವ್ ತೋಟದಲ್ಲಿ ಮಾನವ ಹಕ್ಕುಗಳ ಕಾರ್ಯಕರ್ತೆ ಇಬ್ತಿಹಾಜ್ ಮೊಣಕಾಲೂರಿ ಕೂತು, ಕಡಿದ ಮರದ ಬುಡದ ಮೇಲೆ ಅಳತೆಯ ಟೇಪು ಹಿಡಿದಿದ್ದಾರೆ. ಗರಗಸದ ಹೊಟ್ಟು ಇನ್ನೂ ಹಸಿಯಾಗಿದೆ. ಒಂದು ಬುಡದ ಚಿತ್ರ ತೆಗೆದು, ಬಟ್ಟೆಗೆ ಅಂಟಿದ ಹೊಟ್ಟು ಕೊಡವಿ, ಮುಂದಿನದಕ್ಕೆ ಹೋಗುತ್ತಾರೆ.

ತೋಟದ ಒಡತಿ, ಊರವರು ಗೌರವದಿಂದ ಹಜ್ಜಾ ಎನ್ನುವ ಸಬ್ಹಾ, ಕಲ್ಲುಗೋಡೆಗೆ ಒರಗಿ ಕೂತಿದ್ದಾರೆ. ಗಂಡ ತೀರಿಕೊಂಡ ಮೇಲೆ ಈ ಮರಗಳನ್ನು ನೋಡಿಕೊಂಡವರು ಅವರೇ. ಗುಡ್ಡದ ಮೇಲೆ ಬಂದು ನೆಲೆಯೂರಿದ ವಸಾಹತಿನವರು ನಡುರಾತ್ರಿ ಗರಗಸ ಹಿಡಿದು ಬಂದರು. ಜೊತೆಗೆ ಬಂದ ಸೈನಿಕರು ನೋಡುತ್ತ ನಿಂತರು. ತಡೆಯಲು ಹೋದ ಹಜ್ಜಾರ ತಲೆವಸ್ತ್ರ ಕಿತ್ತು, ಕೂದಲು ಹಿಡಿದು ಎಳೆದರು. ಇಷ್ಟೂ ಅವರ ಸೊಸೆ ಫೋನಿನಲ್ಲಿ ಹೇಳಿದ್ದು. ಹಜ್ಜಾ ಮಾತ್ರ ಮರಗಳ ವಿಷಯ ಬಿಟ್ಟು ಬೇರೇನೂ ಎತ್ತುತ್ತಿಲ್ಲ.

ಇಬ್ತಿಹಾಜ್ ಪಕ್ಕದಲ್ಲಿ ಹೋಗಿ ಕೂರುತ್ತಾರೆ. ಎದುರಿಗಲ್ಲ, ಪಕ್ಕದಲ್ಲಿ. ಕ್ಯಾಮೆರಾವನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದ ಮೇಲೆ ಮೆಲ್ಲಗೆ ಕೇಳುತ್ತಾರೆ: “ಹಜ್ಜಾ, ಮರಗಳದ್ದು ಆಯ್ತು. ನಿಮ್ಮ ಫೋಟೊ ತೆಗೀಲಾ, ಬೇಡ್ವಾ? ತೆಗೆದ್ರೆ ಅದನ್ನ ಯಾರು ನೋಡಬಹುದು, ಯಾರು ನೋಡಬಾರದು, ಅದನ್ನೂ ನೀವೇ ಹೇಳಿ.”

ಹಜ್ಜಾ ತಲೆವಸ್ತ್ರವನ್ನು ಹಣೆಯವರೆಗೆ ಎಳೆದುಕೊಳ್ಳುತ್ತಾರೆ. “ಮರ ಊರೆಲ್ಲ ನೋಡ್ಲಿ. ತಲೆ ಮೇಲಿನ ಗಾಯ ವಕೀಲರು ನೋಡ್ಲಿ, ಡಾಕ್ಟರ್ ನೋಡ್ಲಿ. ನನ್ನ ಗಂಡುಮಕ್ಳು ನೋಡೋದು ಬೇಡ ತಾಯಿ. ಅಮ್ಮನ್ನ ಕಾಯೋಕಾಗ್ಲಿಲ್ಲ ಅಂತ ಅವರು ಮತ್ತೆ ತಲೆ ಎತ್ತಿ ಓಡಾಡಲ್ಲ.”

ಈ ಪ್ರಶ್ನೆಯನ್ನು ಇಬ್ತಿಹಾಜ್ ಮೊದಲೆಲ್ಲ ಕೇಳುತ್ತಿರಲಿಲ್ಲ. ಅದನ್ನು ಅವರು ಕಲಿತ ಕತೆ ನಮ್ಮ ಬೆಟ್ಟಸಾಲಿನಲ್ಲಿ ಕೆಲವರಿಗಷ್ಟೇ ಗೊತ್ತು. ಇದನ್ನೆಲ್ಲ ಬರೆಯಲು ನನಗೆ ಒಪ್ಪಿಗೆ ಕೊಡುವ ಮುಂಚೆ ಅವರು ನನ್ನನ್ನೂ ಅದೇ ಪ್ರಶ್ನೆ ಕೇಳಿದರು.

ಯತ್ತಾ ಪೇಟೆಯಲ್ಲಿ ಅವರು ಮದುವೆ ಹೆಣ್ಣುಗಳಿಗೆ ಕಸೂತಿಯ ನಿಲುವಂಗಿ ಹೊಲಿಯುತ್ತಿದ್ದರು. ಒಮ್ಮೆ ನೆರೆಮನೆಯನ್ನು ಬುಲ್ಡೋಜರ್ ಕೆಡವಿದಾಗ ಮಾನವ ಹಕ್ಕುಗಳ ಸಂಸ್ಥೆಯೊಂದರಿಂದ ಗಂಡಸೊಬ್ಬರು ಹೇಳಿಕೆ ಬರೆದುಕೊಳ್ಳಲು ಬಂದರು. ಹೆಂಗಸರು ಅವರ ಮುಂದೆ ಬಾಯಿ ಬಿಡಲಿಲ್ಲ. ಜೊತೆಗೆ ಕೂರಲು ಇಬ್ತಿಹಾಜ್‌ರನ್ನು ಕರೆದರು. ಹೀಗೆ ಕೂತವರು ಮತ್ತೆ ಹೊಲಿಗೆ ಯಂತ್ರಕ್ಕೆ ಪೂರ್ತಿಯಾಗಿ ಮರಳಲೇ ಇಲ್ಲ. ಒಡೆದ ನೀರಿನ ತೊಟ್ಟಿ, ಸುಟ್ಟ ಹುಲ್ಲಿನ ಬಣವೆ, ಸೈನಿಕರು ತಪಾಸಣೆ ಗೇಟಿನಲ್ಲಿ ಕಾಯಿಸಿದ್ದರಿಂದ ದಾರಿಯಲ್ಲೇ ಆದ ಹೆರಿಗೆ – ಇವನ್ನೆಲ್ಲ ದಾಖಲಿಸುವುದು ಅವರ ಕೆಲಸ. ಸೈನಿಕರು ಅವರ ಕ್ಯಾಮೆರಾ ಕಿತ್ತುಕೊಂಡದ್ದುಂಟು, ಬಿಸಿಲಲ್ಲಿ ಇಡೀ ಹಗಲು ನಿಲ್ಲಿಸಿದ್ದುಂಟು. ಆ ಬಗ್ಗೆ ಕೇಳಿದರೆ ಕೈಬೀಸಿ ಮಾತು ಬದಲಿಸುತ್ತಾರೆ.

ಅವರು ಹೇಳಬೇಕೆಂದುಕೊಂಡದ್ದು ಬೇರೆ. ಅದು ಕುರಿಗಾಹಿ ಅಬು ಸಖರ್ ಅವರ ಚಿತ್ರದ ವಿಷಯ.

ಅಬು ಸಖರ್‌ರನ್ನು ಅವರದೇ ಕುರಿದೊಡ್ಡಿಯಲ್ಲಿ ಸೈನಿಕರು ಮಂಡಿಯೂರಿಸಿದ್ದರು. ಕಣ್ಣಿಗೆ ಬಟ್ಟೆ, ಬೆನ್ನ ಹಿಂದೆ ಕಟ್ಟಿದ ಕೈ. ಹೊತ್ತು ಏರಿದರೂ ಏಳಲು ಬಿಡಲಿಲ್ಲ. ಮುದುಕರ ಪೈಜಾಮ ಒದ್ದೆಯಾಗಿತ್ತು. ಗೋಡೆಯ ಸಂದಿನಿಂದ ಇಬ್ತಿಹಾಜ್ ಆ ಚಿತ್ರ ತೆಗೆದರು. ಆಮೇಲೆ ಒಪ್ಪಿಗೆ ಕೇಳಿದಾಗ ಅಬು ಸಖರ್ ಚಿತ್ರವನ್ನು ನೋಡದೆಯೇ ಹೂಂ ಎಂದು ತಲೆಯಾಡಿಸಿದರು. ನಿಯಮದಂತೆ ಹೆಸರು ಮುಚ್ಚಿ, ಚಿತ್ರವನ್ನು ವರದಿಯ ಮುಖಪುಟಕ್ಕೆ ಹಾಕಲಾಯಿತು. ಅದು ದೇಶ ದೇಶ ಸುತ್ತಿತು. ಹೆಸರಿಲ್ಲದಿದ್ದರೂ ಚಿತ್ರದಲ್ಲಿ ಕಾಣುವ ತೇಪೆ ಹಾಕಿದ ಕೋಟು ಯಾರದೆಂದು ಇಡೀ ಯತ್ತಾಗೆ ಗೊತ್ತು.

“ಒಳ್ಳೆ ಫೋಟೊ ಅಂತ ಎಲ್ರೂ ಹೊಗಳಿದ್ರು,” ಎನ್ನುತ್ತಾರೆ ಇಬ್ತಿಹಾಜ್. “ನಂಗೂ ಒಳಗೊಳಗೇ ಖುಷಿ ಆಗಿತ್ತು. ಅಬು ಸಖರ್ ಚಿಕ್ಕಪ್ಪ ಕುರಿಸಂತೆಗೆ ಬರೋದು ಬಿಟ್ರು. ಸೈನಿಕರ ಭಯ ಇರ್ಬೇಕು ಅಂದ್ಕೊಂಡೆ. ಅವರು ಮುಖ ತಪ್ಪಿಸ್ತಿದ್ದಿದ್ದು ನಾನು ತೆಗೆದ ಫೋಟೊದಿಂದ.”

ಅದು ಅವರಿಗೆ ಅರಿವಾಗಲು ಅವರ ಮನೆಯಂಗಳದಲ್ಲೇ ಅಂಥದೊಂದು ನಡೆಯಬೇಕಾಯಿತು. ಅವರ ತಮ್ಮ ದಿರ್ಘಾಮ್, ಹಳ್ಳಿಯಿಂದ ಯತ್ತಾಗೆ ವ್ಯಾನು ಓಡಿಸುವವರು. ಒಂದು ಮಧ್ಯಾಹ್ನ ಸೈನಿಕರು ಯಾರನ್ನೋ ಹುಡುಕಿಕೊಂಡು ಬಂದರು. ಆ ಹೆಸರಿನವರು ಮನೆಯಲ್ಲಿಲ್ಲ ಎಂದದ್ದಕ್ಕೆ ದಿರ್ಘಾಮ್‌ರನ್ನು ಅಂಗಳದ ನಡುವೆ ನಿಲ್ಲಿಸಿ ಬಟ್ಟೆ ಬಿಚ್ಚಿಸಿದರು, ಒಳಉಡುಪೊಂದು ಬಿಟ್ಟು. ಕಿಟಕಿಯಲ್ಲಿ ಅವರ ಹೆಣ್ಣುಮಕ್ಕಳು, ಮಹಡಿಗಳ ಮೇಲೆ ನೆರೆಯವರು. ಸೈನಿಕನೊಬ್ಬ ನಗುತ್ತ ತನ್ನ ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದ.

“ನನ್ನ ಕೈಯಲ್ಲೂ ಫೋನ್ ಇತ್ತು. ಅವನೂ ಹಿಡಿದಿದ್ದ, ನಾನೂ ಹಿಡಿದಿದ್ದೆ. ನಾನೂ ತೆಗೆದ್ರೆ ತಮ್ಮನ ಕಣ್ಣಿಗೆ ನಮ್ಮಿಬ್ರಲ್ಲಿ ಏನು ವ್ಯತ್ಯಾಸ ಕಾಣುತ್ತೆ ಅನ್ನಿಸ್ತು. ಗೋಡೆ ಕಡೆ ತಿರುಗಿ ನಿಂತ್ಬಿಟ್ಟೆ.”

ದೂರು ಕೊಡುವುದು ದಿರ್ಘಾಮ್‌ಗೆ ಬೇಕಿರಲಿಲ್ಲ. ನಾಚಿಕೆಪಡಬೇಕಾದವರು ಮಾಡಿದವರು, ನೀನಲ್ಲ ಎಂದು ಅಕ್ಕ ಬೆನ್ನುಬಿದ್ದು ಒಪ್ಪಿಸಿದರು. ಊರಿನ ಎಷ್ಟೋ ಜನರಿಗೆ ಹೇಳಿದ ಮಾತೇ ಅದು. ತಿಂಗಳುಗಳ ನಂತರ ವಕೀಲರಿಂದ ಸುದ್ದಿ ಬಂತು: ಸಾಕ್ಷ್ಯವಿಲ್ಲ, ದೂರು ಮುಗಿಸಲಾಗಿದೆ. ಅಕ್ಕ ಅದನ್ನು ಹೇಳಿದಾಗ ದಿರ್ಘಾಮ್ ವ್ಯಾನಿನ ಗಾಜು ಒರೆಸುತ್ತಿದ್ದರಂತೆ. ಒರೆಸುವುದನ್ನು ನಿಲ್ಲಿಸದೆ ಕೇಳಿದರು: “ಊರವರೆಲ್ರದ್ದೂ ಫೋಟೊ ತೆಗೀತೀಯಲ್ಲ ಅಕ್ಕ. ನಂದ್ಯಾಕೆ ತೆಗೀಲಿಲ್ಲ?”

“ನಿನ್ನ ಮಾನ ಉಳೀಲಿ ಅಂತ ಕಣೋ.”

“ಹಂಗಾದ್ರೆ ಊರವರ ಮಾನ?”

ಚಿತ್ರ ತೆಗೆದ ಕಡೆ ಒಬ್ಬ ಮುದುಕರು ಮುಖ ಮುಚ್ಚಿಕೊಂಡು ಬದುಕುವಂತಾಗಿತ್ತು. ತೆಗೆಯದ ಕಡೆ ತಮ್ಮನಿಗಾದ ಅನ್ಯಾಯ ನಡೆದೇ ಇಲ್ಲವೆಂಬಂತಾಗಿತ್ತು. ಎರಡೂ ತನ್ನ ಕೈಯಿಂದಲೇ ಆಯಿತಲ್ಲ ಎಂಬ ಸಂಕಟದಲ್ಲಿ ಇಬ್ತಿಹಾಜ್ ಕೆಲವು ದಿನ ಮನೆಯಿಂದ ಹೊರಬೀಳಲಿಲ್ಲ. ಆಮೇಲೊಂದು ಮುಂಜಾನೆ ಅಬು ಸಖರ್‌ರ ದೊಡ್ಡಿಗೆ ನಡೆದು ಹೋದರು.

ಮುದುಕರು ಕುರಿಯ ಹಾಲು ಕರೆಯುತ್ತಿದ್ದರು. ಕ್ಷಮೆ ಕೇಳಲು ಬಂದಿದ್ದೇನೆ ಎಂದರೂ ತಲೆ ಎತ್ತಲಿಲ್ಲ. ಪಾತ್ರೆ ತುಂಬುವವರೆಗೂ ಇಬ್ತಿಹಾಜ್ ನಿಂತೇ ಇದ್ದರು. ಕೊನೆಗೆ ಮುದುಕರು ಕುರಿಯ ಬೆನ್ನು ತಟ್ಟಿ ಕಳಿಸಿ ಹೇಳಿದರು: “ಹೆಸರು ಮುಚ್ಚಿದ್ರಿ, ಮೈ ತೋರ್ಸಿದ್ರಿ. ಉಲ್ಟಾ ಮಾಡ್ಬೇಕಿತ್ತು ಮಗಳೇ.”

ಹೆಸರು ಹಾಕಿದರೆ ಸೈನಿಕರು ಮತ್ತೆ ತೊಂದರೆ ಕೊಟ್ಟಾರು ಎಂದು ಇಬ್ತಿಹಾಜ್ ಎಚ್ಚರಿಸಿದರು. ಅಬು ಸಖರ್ ಅಂದು ಮೊದಲ ಸಲ ನಕ್ಕರಂತೆ. “ಅವರಿಗೆ ನನ್ನ ಹೆಸರು ಚೆನ್ನಾಗೇ ಗೊತ್ತು. ಗೊತ್ತಿಲ್ದೇ ಇರೋದು ನಿಮ್ಮ ಪುಸ್ತಕ ಓದೋರಿಗೆ. ನನ್ನ ಹೆಸರು ಹಾಕು, ನಮ್ಮಪ್ಪನ ಹೆಸರು ಹಾಕು, ನಮ್ಮ ತಾತ ತೋಡಿದ ಬಾವಿ ಹೆಸರು ಹಾಕು. ಆ ಫೋಟೊ ತೆಗೆದ್ಹಾಕು.”

ಸಂಸ್ಥೆಯಲ್ಲಿ ಇದಕ್ಕೆ ವಾದಗಳಾದವು. ಇಷ್ಟು ಪರಿಣಾಮ ಬೀರಿದ ಚಿತ್ರ ಇನ್ನೊಂದಿಲ್ಲ ಎಂದರು, ಈಗ ತೆಗೆದುಹಾಕಿ ಏನು ಪ್ರಯೋಜನ ಎಂದರು. ಚಿತ್ರವನ್ನು ತೆಗೆದುಹಾಕದಿದ್ದರೆ ಕೆಲಸ ಬಿಡುತ್ತೇನೆ ಎಂದು ಇಬ್ತಿಹಾಜ್ ಹಟ ಹಿಡಿದರು. ಕೊನೆಗೆ ಹೊಸ ಮುದ್ರಣದ ಮುಖಪುಟದಲ್ಲಿ ಚಿತ್ರವಿಲ್ಲ. ಒಳಗೆ ಅಬು ಸಖರ್‌ರ ಮಾತು, ಅವರು ಹೇಳಿದ ಎಲ್ಲ ಹೆಸರುಗಳ ಸಮೇತ ಇದೆ. ಆದರೆ ಹಳೆಯ ಚಿತ್ರ ಇಂಟರ್ನೆಟ್ಟಿನಲ್ಲಿ ಇಂದಿಗೂ ಓಡಾಡುತ್ತಿದೆ. ಬಿಟ್ಟ ಬಾಣ ಬತ್ತಳಿಕೆಗೆ ಮರಳುವುದಿಲ್ಲ. ಅಬು ಸಖರ್ ಸಂತೆಗೆ ಬರುತ್ತಾರೆ, ಬೇಗ ಬಂದು ಬೇಗ ಹೋಗುತ್ತಾರೆ. ಈಗ ಹಾಕುವುದು ಬೇರೆ ಕೋಟು.

ದಿರ್ಘಾಮ್‌ರ ದೂರು ಮತ್ತೆ ತೆರೆಯಲಿಲ್ಲ. ಆದರೂ ಅವರು ಬೇರೆ ಊರಿನ ಕಾರ್ಯಕರ್ತರೊಬ್ಬರ ಮುಂದೆ ಕೂತು ಎಲ್ಲವನ್ನೂ ಬಾಯಿಬಿಟ್ಟು ಹೇಳಿದ್ದಾರೆ. ಸಾಕ್ಷಿಯಾಗಿ ಇಬ್ತಿಹಾಜ್ ಕೂಡ ಹೇಳಿಕೆ ಕೊಟ್ಟಿದ್ದಾರೆ. ಗೋಡೆ ಕಡೆ ತಿರುಗಿ ನಿಂತದ್ದನ್ನೂ ಬರೆಸಿದ್ದಾರೆ. ಈಗ ದೂರದ ಹಳ್ಳಿಗಳಿಗೆ ಅಕ್ಕನನ್ನು ಕರೆದೊಯ್ಯುವುದು ತಮ್ಮನ ವ್ಯಾನೇ.

ಬಿಸಿಲೇರುವ ಹೊತ್ತಿಗೆ ಹಜ್ಜಾರ ಸೊಸೆ ಬಿಸಿ ರೊಟ್ಟಿ, ಝಾತರ್ ಎನ್ನುವ ಒಣಸೊಪ್ಪು-ಎಳ್ಳಿನ ಪುಡಿ, ಎಣ್ಣೆ ತಂದಿಡುತ್ತಾರೆ. ಹೋದ ವರ್ಷ ಇದೇ ಮರಗಳಿಂದ ತೆಗೆದ ಎಣ್ಣೆ. ನಿಮಗೇನು ಆಸೆ ಇದೆ ಎಂದು ನಾನು ಇಬ್ತಿಹಾಜ್‌ರನ್ನು ಕೇಳುತ್ತೇನೆ. ರೊಟ್ಟಿ ಮುರಿಯುತ್ತ ಯೋಚಿಸುತ್ತಾರೆ.

“ಮೊನ್ನೆ ನಮ್ಮ ದೊಡ್ಡಮ್ಮನ ಮಗಳಿಗೆ ಹೆರಿಗೆ ಆಗಿತ್ತು, ಮಗು ನೋಡೋಕೆ ಹೋದೆ. ಬಾಗಿಲು ತೆಗೆದವಳೇ ನನ್ನ ಮುಖ ನೋಡಿ ಬಿಳಿಚ್ಕೊಂಡ್ಲು. ‘ಯಾರಿಗೆ ಏನಾಯ್ತು, ಹೇಳು’ ಅಂತ ಕೈ ಹಿಡ್ಕೊಂಡ್ಲು. ಯಾರಿಗೂ ಏನೂ ಆಗಿಲ್ಲ, ಮಗು ನೋಡೋಕೆ ಬಂದೆ ಅಂದ್ರೆ ನಂಬ್ತಾನೇ ಇಲ್ಲ. ಬ್ಯಾಗಿಂದ ಮಗುಗೆ ತಂದ ಟೋಪಿ ತೆಗೆದು ತೋರಿಸ್ಬೇಕಾಯ್ತು. ಬಾಣಂತಿನ ಹಂಗೆ ಹೆದರಿಸಿದ್ನಲ್ಲ ಅಂತ ನಾಚ್ಕೆಯಿಂದ ನೆಲಕ್ಕಿಳಿದು ಹೋದೆ.”

ಕೈಗಂಟಿದ ಎಣ್ಣೆಯನ್ನು ರೊಟ್ಟಿಯ ತುಣುಕಿಗೆ ಒರೆಸಿಕೊಂಡು ಬಾಯಿಗಿಡುತ್ತಾರೆ.

“ಒಂದ್ಸಲ ಯಾರಾದ್ರೂ ನನ್ನ ನೋಡಿ ಹೆದರದೆ ಬಾಗಿಲು ತೆಗೀಬೇಕು. ಅಷ್ಟೇ ನಂಗೆ ಬೇಕಿರೋದು.”