ಸವಿತಾ ಕಟ್ಟಿದ ಅಧ್ಯಕ್ಷ

ಕೊರೊನಾ ಮುಗಿದು ಕಾಲೇಜುಗಳು ಪೂರ್ತಿ ತೆರೆದ ವರ್ಷ. ನಾನಾಗ ರಾಮನಗರದ ಸ್ನಾತಕೋತ್ತರ ಕೇಂದ್ರವೊಂದರಲ್ಲಿ ನಾಟಕದ ಅಧ್ಯಾಪಕ. ನಿವೃತ್ತಿ ಹತ್ತಿರವಿತ್ತು. ವಿಶ್ವವಿದ್ಯಾಲಯದ ರಂಗತಂಡಕ್ಕೆ ವರ್ಷಕ್ಕೊಂದು ನಾಟಕ ಮಾಡಿಸುವುದು ನನ್ನ ಹೊಣೆ. ಆ ಸಲ ವಿದ್ಯಾರ್ಥಿಗಳೇ ಕೂತು ಒಂದು ಪ್ರಹಸನ ಬರೆದರು. ಒಂದು ಸಣ್ಣ ಊರು. ಅಲ್ಲಿನ ಪುರಸಭೆ ಅಧ್ಯಕ್ಷ ನೀರೇ ಬಾರದ ಒಂದು ಬೋರ್‌ವೆಲ್ಲನ್ನು ಮತ್ತೆ ಮತ್ತೆ ಉದ್ಘಾಟಿಸುತ್ತಾನೆ, ಊರವರು ಪ್ರತಿ ಸಲವೂ ಚಪ್ಪಾಳೆ ತಟ್ಟುತ್ತಾರೆ. ಇಷ್ಟೇ ಕಥೆ.

ಅಧ್ಯಕ್ಷನ ಪಾತ್ರ ಸಿಕ್ಕಿದ್ದು ಸಾತನೂರು ಕಡೆಯ ಸವಿತಾಗೆ. ಕನ್ನಡ ಎಂ.ಎ. ಓದುತ್ತಿದ್ದಳು, ಮಾತು ಕಡಿಮೆ. ಹುಡುಗರು ಆ ಪಾತ್ರಕ್ಕೆ ಮೀಸೆ ತಿರುವುವುದು, ಹೊಟ್ಟೆ ಮುಂದೆ ಮಾಡುವುದು ಬಿಟ್ಟು ಬೇರೇನೂ ತರಲಿಲ್ಲ. ಸವಿತಾ ಮಾತ್ರ ಎದ್ದು ನಿಂತು, ಮೈಕನ್ನು ಮೆಲ್ಲಗೆ ತಟ್ಟಿ, ಕಣ್ಣು ಮುಚ್ಚಿ, ಟವೆಲ್ಲನ್ನು ಎಡ ಹೆಗಲಿನಿಂದ ಬಲಕ್ಕೆ ಹಾಕಿಕೊಂಡು, ಪ್ರತಿ ಮಾತಿನ ಕೊನೆಗೆ "ನಾ ಹೇಳೋದ್ ಸರಿಯೋ ತಪ್ಪೋ?" ಎಂದು ಕೇಳಿದಳು. ತಾಲೀಮಿನ ಕೋಣೆಯಲ್ಲಿದ್ದವರೆಲ್ಲ ನಕ್ಕು ಸುಸ್ತಾದರು. "ಎಲ್ಲಿಂದ ತಂದೆಯಮ್ಮ ಇದನ್ನ?" ಎಂದೆ. "ನಮ್ಮೂರ್ ಕಡೆ ಇಂಥೋರು ಇರ್ತಾರೆ ಸಾರ್" ಎಂದಷ್ಟೇ ಹೇಳಿದಳು.

ಪ್ರದರ್ಶನದ ಸಂಜೆ, ಮೊದಲ ಬೆಲ್ಲಿಗೆ ಸ್ವಲ್ಪ ಮುಂಚೆ, ಬಿಳಿ ಅಂಗಿಯ ಹಿರಿಯರೊಬ್ಬರು ಬಾಗಿಲಲ್ಲಿ ನನ್ನನ್ನು ವಿಚಾರಿಸಿದರು. ಅವರ ಹಿಂದೆ ಒಂದು ಟೆಂಪೋ ತುಂಬ ಬಂದ ನೆಂಟರು, ಊರವರು.

"ನಾನು ಚೆನ್ನೇಗೌಡ, ಸವಿತಾ ತಂದೆ. ಬರ್ಬ್ಯಾಡ ಅಂದಿದ್ಲು. ಮಗಳು ಸ್ಟೇಜ್ ಹತ್ತೋವಾಗ ಮನೇಲಿ ಕೂತಿರಕ್ಕಾಯ್ತದಾ ಮೇಷ್ಟ್ರೇ?" ಎನ್ನುತ್ತಾ ಟವೆಲ್ಲನ್ನು ಎಡದಿಂದ ಬಲ ಹೆಗಲಿಗೆ ಹಾಕಿಕೊಂಡರು. "ನಾ ಹೇಳೋದ್ ಸರಿಯೋ ತಪ್ಪೋ?"

ಅವರೆಲ್ಲರನ್ನು ಎರಡನೇ ಸಾಲಿನಲ್ಲಿ ಕೂರಿಸಿ ಗ್ರೀನ್‌ರೂಮಿಗೆ ಓಡಿದೆ. ವಿಷಯ ಕೇಳಿ ಸವಿತಾ ಕುರ್ಚಿಯಲ್ಲಿ ಕೂತುಬಿಟ್ಟಳು.

"ಅಪ್ಪ ಕೆಟ್ಟೋನಲ್ಲ ಸಾರ್. ನಮ್ಮೂರಿಗೆ ಸ್ಕೂಲ್ ಬಂದಿದ್ದೇ ಅಪ್ಪ ಹಂಗೆ ಸಭೇಲಿ ಎದ್ದೆದ್ದು ಮಾತಾಡಿ. ನಂಗೆ ಆಡಕ್ ಬರೋದೂ ಅದೊಂದೇ ದನಿ."

ಬದಲಿ ನಟರಿರಲಿಲ್ಲ. "ಟವೆಲ್ ಬಿಡು, ಆ ಮಾತು ಬಿಡು, ಸುಮ್ಮನೆ ಡೈಲಾಗ್ ಹೇಳು" ಎಂದೆ. ಅಷ್ಟರಲ್ಲಿ ಪರದೆ ಏಳುವ ಮೂರನೇ ಬೆಲ್ ಆಯಿತು. ಅದಾದ ಮೇಲೆ ನಾಟಕ ನಿರ್ದೇಶಕನದಲ್ಲ.

ನಾನು ಸಭಾಂಗಣದ ಹಿಂದಿನ ಲೈಟಿಂಗ್ ಬೂತಿನಲ್ಲಿ ನಿಂತೆ. ಮೊದಲ ದೃಶ್ಯದಲ್ಲಿ ಸವಿತಾ ಪಾಠ ಒಪ್ಪಿಸಿದಂತೆ ಮಾತಾಡಿದಳು. ಯಾರೂ ನಗಲಿಲ್ಲ, ಜೊತೆಯ ನಟರು ಗಲಿಬಿಲಿಗೊಂಡು ಮಾತು ಮರೆತರು. ಎರಡನೇ ಉದ್ಘಾಟನೆಗೆ ಮೈಕಿನ ಮುಂದೆ ನಿಂತಾಗ, ಇಡೀ ಸೆಮಿಸ್ಟರ್ ರೂಢಿಯಾಗಿದ್ದ ಕೈ ಅವಳನ್ನು ಕೇಳದೆ ಹೆಗಲ ಟವೆಲ್ಲಿಗೆ ಹೋಯಿತು. ಕಣ್ಣು ಮುಚ್ಚಿತು. ಮಾತೂ ಬಂದೇಬಿಟ್ಟಿತು.

ಸಭಾಂಗಣ ಗೊಳ್ಳೆಂದಿತು. ಎರಡನೇ ಸಾಲಿನಿಂದ ಒಬ್ಬ ಪಕ್ಕದವನಿಗೆ ಕೂಗಿ ಹೇಳಿದ: "ಲೇ, ನಮ್ ಚೆನ್ನೇಗೌಡ್ರೇ ಕಣ್ಲಾ!" ಟೆಂಪೋದಲ್ಲಿ ಬಂದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಮಧ್ಯೆ ಚೆನ್ನೇಗೌಡರು ಆಚೀಚೆ ನೋಡಿ, ತಾವೂ ನಗಲು ಪ್ರಯತ್ನಪಟ್ಟರು. ಬೆಳಕು ಆರಿಸುವ ಸ್ವಿಚ್ಚು ನನ್ನ ಕೈಯ ಕೆಳಗೇ ಇತ್ತು. ಆರಿಸಿ, ಏನು ಹೇಳಿ ಮತ್ತೆ ಹಾಕುವುದು? ಸವಿತಾಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಪ್ರೇಕ್ಷಕರು ಅದನ್ನೂ ನಟನೆ ಎಂದುಕೊಂಡು ಇನ್ನಷ್ಟು ನಕ್ಕರು.

ನಾಟಕ ಮುಗಿದ ಮೇಲೆ ಚೆನ್ನೇಗೌಡರು ವೇದಿಕೆಯ ಪಕ್ಕಕ್ಕೆ ಬಂದರು. "ಚೆಂದಾಗ್ ಮಾಡ್ದೆ ಕಣವ್ವ" ಎಂದು ಮಗಳ ತಲೆ ಸವರಿದರು. ಅವಳು "ಅಪ್ಪಾ..." ಎನ್ನುವಷ್ಟರಲ್ಲಿ "ಟೆಂಪೋದೋನು ಕಾಯ್ತಾವ್ನೆ, ಬತ್ತೀನಿ" ಎಂದು ಹೊರಟೇಬಿಟ್ಟರು.

ಚನ್ನಪಟ್ಟಣದಿಂದಲೂ ಮಾಗಡಿಯಿಂದಲೂ ಆ ನಾಟಕಕ್ಕೆ ಕರೆ ಬಂತು. ಸವಿತಾ ಒಪ್ಪಲಿಲ್ಲ, ನಾನು ಒತ್ತಾಯಿಸಲಿಲ್ಲ.

ಹೋದ ವರ್ಷ ಕನಕಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಈಗ ಹೈಸ್ಕೂಲ್ ಟೀಚರ್. ತಂದೆಯ ಬಗ್ಗೆ ಕೇಳಿದೆ.

"ಚೆನ್ನಾಗವ್ರೆ ಸಾರ್. ಆದ್ರೆ ಸಭೇಲಿ ಎದ್ದು ನಿಲ್ಲಕ್ಕಿಲ್ಲ. ಅವತ್ತು ನಕ್ಕೋರೇ ಈಗ ಬಂದು, ನಿಮ್ಮಪ್ಪಂಗೆ ಒಸಿ ಮಾತಾಡಕ್ ಹೇಳವ್ವ ಅಂತಾರೆ. ಎಷ್ಟೋ ಸಲ ಹೇಳ್ದೆ. ಸುಮ್ನೆ ನಗ್ತಾರೆ. ನಾನೇನ್ ಮಾಡ್ಲಿ?"

ಅವಳ ಬಸ್ ಬಂತು, ಹೋದಳು.

ನಗುವನ್ನು ಎಲ್ಲಿ ಎಬ್ಬಿಸಬೇಕು, ಎಷ್ಟು ಹೊತ್ತು ಬಿಟ್ಟು ಮುಂದಿನ ಮಾತು ಹೇಳಬೇಕು ಎಂಬುದನ್ನು ಕೆಲಸದುದ್ದಕ್ಕೂ ಕಲಿಸಿದೆ. ಎದ್ದ ನಗು ಯಾರ ಮನೆಗೆ ಹೋಗಿ ಕೂರುತ್ತದೆ ಎಂಬುದು ಮಾತ್ರ ಯಾವ ನಿರ್ದೇಶಕನ ಕೈಯಲ್ಲೂ ಇಲ್ಲ. ಅದನ್ನು ನನಗೆ ಈ ವೃತ್ತಿ ಕಲಿಸಿತು.