ಅಕ್ಕನ ಹೋಮ್‌ಸ್ಟೇ, ನನ್ನ ಜರ್ಮನ್ ಅಳಿಯ

ಹೋದ ತಿಂಗಳು ಒಂದು ಮುಂಜಾನೆ ನನಗೊಬ್ಬ ಜರ್ಮನ್ ಅಳಿಯ ಸಿಕ್ಕ.

ಗಾಬರಿಯಾಗಬೇಡಿ, ನನಗೆ ಮಗಳಿಲ್ಲ. ಇರುವವನು ಒಬ್ಬ ಮಗ, ಅವನಿನ್ನೂ ಪಿಯುಸಿ ಫಿಸಿಕ್ಸ್ ಜೊತೆ ಕುಸ್ತಿ ಹಿಡಿಯುತ್ತಿದ್ದಾನೆ. ಆದರೂ ಗಬ್ಬೂರಿನಲ್ಲಿ, ಫೈಲ್ ಹಿಡಿದು ಬಂದ ಸರ್ಕಾರಿ ಸಾಹೇಬರೊಬ್ಬರ ಮುಂದೆ, ನನ್ನ ಅಕ್ಕನ ಎದುರು ಮನೆಯ ಶರಣಮ್ಮ ಕಣ್ಣು ಮಿಟುಕಿಸದೆ ಹೇಳಿದರು: “ಆ ಬಿಳೇ ಹುಡುಗ ಏನ್ರಿ? ಟೀಚರ್ ತಂಗಿ ಅಳಿಯ ಅದಾನ್ರಿ. ರಾಯಚೂರಿನ ತಂಗಿ.”

ರಾಯಚೂರಿನ ತಂಗಿ ಅಂದರೆ ನಾನೇ. ಅಲ್ಲೇ ಪಕ್ಕದಲ್ಲಿ ನಿಂತಿದ್ದೆ.

ಇರಲಿ, ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನನ್ನ ಅಕ್ಕ ನರಸಮ್ಮ ಪ್ರಾಥಮಿಕ ಶಾಲೆಯ ಹೆಡ್‌ಮಿಸ್ ಆಗಿ ರಿಟೈರ್ ಆದವಳು. ದೇವದುರ್ಗ ತಾಲೂಕಿನ ಗಬ್ಬೂರಿನಲ್ಲಿ, ಬಸ್‌ಸ್ಟ್ಯಾಂಡ್ ಹಿಂದಿನ ಲೇಔಟ್‌ನಲ್ಲಿ, ನೌಕರಿಯಲ್ಲಿದ್ದಾಗಲೇ ಮನೆ ಕಟ್ಟಿಸಿದ್ದಳು. ಮೇಲೆ ಎರಡು ರೂಮು. ಗಬ್ಬೂರಿನಲ್ಲಿ ಎತ್ತ ತಿರುಗಿದರೂ ಹಳೇ ಗುಡಿ, ಹಳೇ ಶಾಸನ. ನೋಡಲು ಎಲ್ಲೆಲ್ಲಿಂದಲೋ ಜನ ಕ್ಯಾಮೆರಾ ತೂಗಿಕೊಂಡು ಬರುತ್ತಾರೆ. ಹೊತ್ತು ಮುಳುಗುತ್ತಿದ್ದಂತೆ ಗಂಟು ಕಟ್ಟಿಕೊಂಡು ರಾಯಚೂರಿಗೆ ವಾಪಸ್, ಯಾಕೆಂದರೆ ಅಲ್ಲಿ ಉಳಿಯಲು ಒಳ್ಳೆಯ ಜಾಗವಿಲ್ಲ. ಅಕ್ಕನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇದನ್ನು ನೋಡಿ, ಆ ಎರಡು ರೂಮಿನ ಫೋಟೋ ತೆಗೆದು ಯಾವುದೋ ಆ್ಯಪ್‌ಗೆ ಹಾಕಿದಳು. ಅಕ್ಕ ನಕ್ಕಳು. ನಾನೂ ನಕ್ಕೆ. ಎರಡು ವಾರಕ್ಕೆ ಪುಣೆಯಿಂದ ಗಂಡ ಹೆಂಡತಿ ಬಂದಿಳಿದರು.

ಅವತ್ತು ಅಕ್ಕ ನನಗೆ ಫೋನ್ ಮಾಡಿದ್ದು ನೆನಪಿದೆ. ನಾನು ಮಾನ್ವಿ ಬಸ್‌ನಲ್ಲಿದ್ದೆ (ಅಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ನಿತ್ಯ ಹೋಗಿ ಬರುವ ಕರ್ಮ). ಅವಳ ದನಿ ಸಣ್ಣ ಹುಡುಗಿಯ ದನಿಯ ಹಾಗಿತ್ತು. “ಪುಂಡಿಪಲ್ಯ ಎರಡ ಸಲ ಹಾಕಿಸ್ಕೊಂಡ್ರು ಬೇ. ಅಡಗಿ ಮನ್ಯಾಗ ಬಂದು ನೆಲದ ಮ್ಯಾಲ ಕುಂತು ಉಂಡ್ರು.”

ಇದರಲ್ಲಿ ಅಂಥಾದ್ದೇನಿದೆ ಅಂತೀರಾ? ನಾವು ಮಲ್ಲಟದ ಕೂಲಿ ಮನೆಯವರು. ನಮ್ಮದು ಯಾವ ಓಣಿ ಎಂದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ಹೊಸಬರಿಗೆ ಇಷ್ಟು ಹೇಳಿದರೆ ಸಾಕು: ನಮ್ಮವ್ವ ಭತ್ತದ ನಾಟಿ ಮುಗಿಸಿ ಬರುವಾಗ ಚಹಾ ಕುಡಿಯುತ್ತಿದ್ದ ಹೋಟೆಲಿನಲ್ಲಿ ಅವಳ ಕಪ್ಪು ಹೊರಗಿನ ಗೂಡಿನಲ್ಲಿ ಇರುತ್ತಿತ್ತು. ಕುಡಿದ ಮೇಲೆ ಅವಳೇ ತೊಳೆದು ಅಲ್ಲೇ ಇಡಬೇಕು. ಆ ಅವ್ವನ ಮಗಳು ಮಾಡಿದ ಪಲ್ಯವನ್ನು ಗುರುತು ಪರಿಚಯ ಇಲ್ಲದವರು ರೊಕ್ಕ ಕೊಟ್ಟು, ಮತ್ತೆ ಹಾಕಿರಿ ಎಂದು ಕೇಳಿ ಉಂಡರು. ಅಕ್ಕನಿಗೆ ಪೆನ್ಷನ್ ಬರುತ್ತದೆ, ಬಾಡಿಗೆಗೆ ಬಾಯಿ ಬಿಡುವ ಗತಿ ಅವಳಿಗಿಲ್ಲ. ಅವಳಿಗೆ ಬೇಕಾದದ್ದು ಆ ಊಟ, ಆ ಜನ.

ಆದರೆ ಶುರುವಿನಲ್ಲಿ ಎಲ್ಲವೂ ಕಾಗದವಿಲ್ಲದ ವ್ಯವಹಾರ. ಮನೆ ನಮ್ಮದು, ರೂಮು ನಮ್ಮದು, ಪರ್ಮಿಷನ್ ಯಾಕೆ ಬೇಕು ಅಂದುಕೊಂಡಿದ್ದೆವು. ಒಮ್ಮೆ ಪಂಚಾಯ್ತಿಯವರೊಬ್ಬರು ಗೇಟಿನ ಹತ್ತಿರ ನಿಂತ ಕಾರು ನೋಡಿ, “ಯಾರು ಬಂದಾರ್ರಿ ಟೀಚರ್?” ಎಂದು ಸಹಜವಾಗಿ ಕೇಳಿದರು. ಅಕ್ಕ ಬೆವೆತು, “ನಮ್ಮ ಬೀಗರ್ರಿ” ಅಂದುಬಿಟ್ಟಳು. ಅವರು ಹೋದ ಮೇಲೆ ಓಣಿಯವರಿಗೆಲ್ಲ ಹೇಳಿಬಂದಳು, ಯಾರಾದರೂ ಕೇಳಿದರೆ ಸಂಬಂಧಿಕರು ಅನ್ನಿ ಎಂದು. ಓಣಿ ಒಪ್ಪಿಕೊಂಡಿತು. ನಮ್ಮ ಕಡೆ ಇದನ್ನು ಯಾರೂ ಸುಳ್ಳು ಅಂತ ಎಣಿಸುವುದಿಲ್ಲ. ಕೈಯಲ್ಲಿ ಫೈಲ್ ಇದ್ದವನು ಪಕ್ಕದ ಮನೆಯ ಬಗ್ಗೆ ಕೇಳಿದರೆ, ಪಕ್ಕದ ಮನೆಯವರನ್ನು ಉಳಿಸಿಕೊಳ್ಳುವುದೇ ನಿಯತ್ತು.

ಹೀಗೇ ಒಂದು ವರ್ಷ ನಡೆಯಿತು. ಆಮೇಲೆ ಆ್ಯಪ್‌ನಿಂದ ಮೇಲ್ ಬಂತು: ಸರ್ಕಾರಿ ನೋಂದಣಿ ಪತ್ರ ಕೊಡಿ, ಇಲ್ಲದಿದ್ದರೆ ನಿಮ್ಮ ಮನೆಯನ್ನು ಪಟ್ಟಿಯಿಂದ ತೆಗೆಯುತ್ತೇವೆ.

ಅಕ್ಕ ನನಗೆ ಹೇಳಿದಳು: “ಛಲೋನೇ ಆತು ಬಿಡು. ಕಾಗದ ಮಾಡ್ಸಾಮು. ಫ್ರೇಮ್ ಹಾಕಿ ಬಾಗಿಲದಾಗ ತೂಗ ಬಿಡ್ತೀನಿ. ನರಸಮ್ಮನ ಮನ್ಯಾಗ ಯಾರ್ ಬೇಕಾದ್ರೂ ಬಂದು ಉಣ್ಣಬಹುದು ಅಂತ ಸರ್ಕಾರನೇ ಬರದು ಕೊಡ್ಲಿ.”

ಅಲ್ಲಿಂದ ನನ್ನ ಭಾನುವಾರಗಳು, ಸಿಎಲ್‌ಗಳು, ಕೊನೆಗೆ ಮೊಣಕಾಲುಗಳೂ ಹೋದವು.

ಪ್ರವಾಸೋದ್ಯಮದವರ ಅರ್ಜಿ ಆನ್‌ಲೈನ್. ಆನ್‌ಲೈನ್ ಹಾಕಿದ ಮೇಲೆ ಪ್ರಿಂಟ್ ತೆಗೆದುಕೊಂಡು ಖುದ್ದಾಗಿ ಬನ್ನಿ. (ಹಾಗಾದರೆ ಆನ್‌ಲೈನ್ ಯಾಕೆ? ಕೇಳಬಾರದು.) ಪಂಚಾಯ್ತಿಯಿಂದ ಆಕ್ಷೇಪಣೆ ಇಲ್ಲ ಎಂಬ ಪತ್ರ. ಪೊಲೀಸರಿಂದ ಒಳ್ಳೆಯವರು ಎಂಬ ಪತ್ರ. ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವಳು ಒಳ್ಳೆಯವಳು ಎಂದು ಬರೆದುಕೊಡಲು ಠಾಣೆಗೆ ನಾಲ್ಕು ಸಲ ಅಲೆದಾಟ. ಊಟ ಕೊಡುವುದಕ್ಕೆ ಬೇರೆ ನೋಂದಣಿ. ಬಂದವರ ಹೆಸರು, ಊರು, ಆಧಾರ್ ಬರೆದಿಡುವ ರಿಜಿಸ್ಟರ್. ವಿದೇಶದವರು ಬಂದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಸಿ-ಫಾರ್ಮ್ ತುಂಬಬೇಕು. ಮನೆಯ ಕರೆಂಟ್ ಮೀಟರ್ ಮನೆಯದಾಗಿಯೇ ಇರಬಹುದೋ, ಅಂಗಡಿಯದಾಗಬೇಕೋ? ಒಬ್ಬರು ಒಂದು ಹೇಳಿದರು, ಇನ್ನೊಬ್ಬರು ಇನ್ನೊಂದು, ಮೂರನೆಯವರು ಊಟಕ್ಕೆ ಹೋಗಿದ್ದರು.

ಟ್ಯಾಕ್ಸ್ ಕೇಳಲು ರಾಯಚೂರಿನಲ್ಲಿ ನನ್ನ ಆಡಿಟರ್ ಹತ್ತಿರ ಹೋದೆವು. ಇಡೀ ಪ್ರಯಾಣದಲ್ಲಿ ಸರಳವಾಗಿ ಮಾತಾಡಿದವನು ಅವನೊಬ್ಬನೇ. “ಮೇಡಂ, ಇಷ್ಟು ಸಣ್ಣ ವ್ಯವಹಾರಕ್ಕ ಜಿಎಸ್‌ಟಿ ನಂಬರ್ ಸದ್ಯಕ್ಕ ಬ್ಯಾಡ. ರೂಮಿನ ಟ್ಯಾಕ್ಸ್ ಆ್ಯಪ್‌ನವ್ರೇ ಗಿರಾಕಿ ಕಡಿಂದ ಹಿಡ್ದು ಕಟ್ತಾರ. ಆದ್ರ ಬಂದಿದ್ದು ಪೆನ್ಷನ್ ಜೊತಿ ರಿಟರ್ನ್ಸ್‌ನ್ಯಾಗ ತೋರಿಸ್ರಿ. ಮುಚ್ಚಿಡಬ್ಯಾಡ್ರಿ.” ಅಕ್ಕ ಮುಚ್ಚಿಡುವವಳಲ್ಲ. ಹೋದ ವರ್ಷದ್ದೂ ತೋರಿಸಿ ಕಟ್ಟಿದಳು. ಆದಾಯ ತೆರಿಗೆಯವರ ಲೆಕ್ಕದಲ್ಲಿ ಅವಳ ಮನೆಗೆ ಪ್ರವಾಸಿಗರು ಬಂದಿದ್ದಾರೆ, ಪೊಲೀಸರ ಸಿ-ಫಾರ್ಮ್‌ನಲ್ಲೂ ಬಂದಿದ್ದಾರೆ. ಉಳಿದದ್ದು ಒಂದೇ, ಸ್ಥಳ ಪರಿಶೀಲನೆ.

ಹಾಗೆ ಆ ಸಾಹೇಬರು ಬಂದರು. ಒಳ್ಳೆಯ ಮನುಷ್ಯ. ರೂಮು ನೋಡಿದರು, ಬಾತ್‌ರೂಮಿನ ನಲ್ಲಿ ತಿರುಗಿಸಿದರು, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಮೇಲೆ ಬೆರಳಿಟ್ಟು ಧೂಳು ನೋಡಿದರು. ಎಲ್ಲ ಸರಿ ಅಂದರು. “ಅಕ್ಕಪಕ್ಕದವರನ್ನ ಒಂದ್ ಮಾತು ಕೇಳಬೇಕ್ರಿ, ರೂಲ್ ಅದ” ಎಂದು ಹೊರಗೆ ಬಂದರು.

ಕಟ್ಟೆಯ ಮೇಲೆ ಶರಣಮ್ಮ ಅವರೆಕಾಯಿ ಬಿಡಿಸುತ್ತಿದ್ದರು. ಎಪ್ಪತ್ತು ದಾಟಿದ ಜೀವ. ಊರಿನ ದೊಡ್ಡ ಒಕ್ಕಲು ಮನೆತನದವರು, ಹೊಲ ಮಕ್ಕಳಿಗೆ ಬಿಟ್ಟು ಈ ಲೇಔಟ್‌ಗೆ ಬಂದವರು.

“ಯವ್ವಾ, ಟೀಚರ್ ಮನಿಗಿ ಪ್ರವಾಸಿಗರು ಬರ್ತಾರೇನ್ರಿ?”

“ಯಾವ ಪ್ರವಾಸಿಗರು? ಯಾರೂ ಬರಂಗಿಲ್ರಿ. ಬಂದವ್ರೆಲ್ಲ ಅವ್ರ ಬಳಗ.”

ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. ಸಾಹೇಬರು ಫೈಲ್ ತಿರುವಿದರು. “ಒಬ್ಬ ಜರ್ಮನಿ ಹುಡುಗ ಬಂದಿದ್ದ ಅಂತ ಸಿ-ಫಾರ್ಮ್ ಅದ.” ನಾವು ಅರ್ಜಿ ಹಾಕಿದ ಮೇಲೆ ಶಾಸನ ಓದಲು ಬಂದು ಐದು ದಿನ ಇದ್ದು ಹೋದ ಆ ಹುಡುಗನೇ ನನ್ನ ಅಳಿಯನಾದದ್ದು.

“ಯವ್ವಾ, ಈಗ ಖರೇ ಹೇಳ್ರಿ, ಏನೂ ಆಗಂಗಿಲ್ಲ” ಎಂದು ಅಕ್ಕ ಕೈ ಮುಗಿದಳು. “ಅವ್ರು ಗಿರಾಕಿಗಳು. ರೊಕ್ಕ ಕೊಟ್ಟು ಉಳಕೊಂಡವ್ರು.”

ಶರಣಮ್ಮ ಸಾಹೇಬರ ಕಡೆ ವಾಲಿ ದನಿ ತಗ್ಗಿಸಿದರು. “ಹೆದರ್ಯಾಳ್ರಿ ಪಾಪ. ಹೆದ್ರಿ ಹಂಗ ಅನ್ನಾಕತ್ತಾಳ. ಒಂಟಿ ಹೆಣಮಗಳು, ಬಿಟ್ಟುಬಿಡ್ರಿ ಯಪ್ಪಾ.”

ನಾವು ನಿಜ ಹೇಳಿದಷ್ಟೂ ಅವರು ನಮ್ಮನ್ನು ಉಳಿಸುತ್ತಾ ಹೋದರು. ಅಷ್ಟರಲ್ಲಿ ಆಚೀಚೆ ಮನೆಯವರೂ ಬಂದು ಸೇರಿದರು. ಪುಣೆಯ ದಂಪತಿ ಅಕ್ಕನ ನಾದಿನಿ ಮತ್ತು ಅವಳ ಗಂಡ ಆದರು. ಹೈದರಾಬಾದಿನಿಂದ ಬಂದಿದ್ದ ಫೋಟೋಗ್ರಾಫರ್ ಒಬ್ಬ ಸೋದರಮಾವನ ಮಗನಾದ. ಸಾಹೇಬರು ಬರೆದುಕೊಂಡರು. ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಹಾಗೆ. ಕಲಿಸಿದವರು ನಾವು, ಮರೆಯದೆ ಒಪ್ಪಿಸಿದವರು ಅವರು.

ರಿಪೋರ್ಟ್ ಬಂತು: ಸದರಿ ಮನೆಗೆ ಪ್ರವಾಸಿಗರು ಬರುವುದಿಲ್ಲವೆಂದೂ ಬರುವವರು ಸಂಬಂಧಿಕರೆಂದೂ ನೆರೆಹೊರೆಯವರು ತಿಳಿಸಿರುತ್ತಾರೆ. ಅರ್ಜಿ ತಡೆಹಿಡಿಯಲಾಗಿದೆ.

ಕಚೇರಿಯ ಗುಮಾಸ್ತರಿಗೆ ನಮ್ಮನ್ನು ನೋಡಿ ಕರುಣೆ ಬಂತು. “ಒಂದ್ ಕೆಲಸ ಮಾಡ್ರಿ ಮೇಡಂ. ಓಣಿಯವರ ಪೈಕಿ ಇಬ್ಬರ ಕಡಿಂದ ಅಫಿಡವಿಟ್ ಮಾಡಿಸ್ಕೊಂಡು ಬರ್ರಿ. ನಾವು ಒಳಗ ಹೋಗಿ ರೂಮು ನೋಡೀವಿ, ಬರೋರು ಪ್ರವಾಸಿಗರು, ಊಟಾ ಕೊಡೋದು ಖರೇ ಅಂತ. ಫೈಲ್ ಮ್ಯಾಲಕ್ಕ ಹೋಗ್ತದ.”

ದೇವದುರ್ಗದಲ್ಲಿ ತಹಶೀಲ್ ಕಚೇರಿ ಎದುರಿನ ಟೈಪಿಸ್ಟ್ ಹತ್ತು ನಿಮಿಷಕ್ಕೆ ಹೊಡೆದುಕೊಟ್ಟ. ಅಲ್ಲಿಂದ ನೇರ ಗಬ್ಬೂರು. ಸಂಜೆ ನಾಲ್ಕು ಗಂಟೆ. ಶರಣಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆವು. ಅವರು ಹಣೆ ಚಚ್ಚಿಕೊಂಡರು. “ಅಯ್ಯ ಶಿವನ, ನನ್ನಿಂದ ಕೆಟ್ಟಿತೇನ್ರಿ? ಕೊಡ್ರಿ, ಸಹಿ ಮಾಡ್ತೀನಿ. ಓದ್ ತಂಗಿ ಏನ್ ಬರದಾರ.”

ಓದಿದೆ. ನಾನು ಎದುರು ಮನೆಯ ನಿವಾಸಿ, ಹೂಂ. ಟೀಚರ್ ನನಗೆ ಹನ್ನೆರಡು ವರ್ಷದಿಂದ ಪರಿಚಯ, ಹೂಂ. ನಾನು ಸದರಿ ಮನೆಯ ಒಳಗೆ ಹೋಗಿ ನೋಡಿರುತ್ತೇನೆ.

ಹೂಂ ಬರಲಿಲ್ಲ.

“ಇದೊಂದು ತಗಸ್ರಿ” ಅಂದರು ಶರಣಮ್ಮ.

“ಅದೇ ಮುಖ್ಯ ಯವ್ವಾ.”

“ನಾ ಒಳಗ ಬಂದಿಲ್ಲಲ್ಲ. ಸುಳ್ಳು ಹೆಂಗ ಸಹಿ ಹಾಕ್ಲಿ?”

ನನಗೆ ಸಿಟ್ಟು ನೆತ್ತಿಗೇರಿತು. “ಮಗಳ ಇಲ್ಲದ ನನಗ ಅಳಿಯನ್ನ ತಂದು ಕೊಟ್ರಲ್ಲ, ಅವತ್ತು ಸುಳ್ಳು ಅನಿಸಲಿಲ್ಲೇನ್ರಿ?”

“ಅದು ನಿಮ್ಮ ಸಲುವಾಗಿ ಹೇಳಿದ್ದವ್ವಾ” ಅಂದರು ಮೆಲ್ಲಗೆ. “ಇದು ನನ್ನ ಮ್ಯಾಲ ಹೇಳಿಕೊಂಡಂಗ ಆಗ್ತದ. ನಾಳಿ ಮಕ್ಕಳು ಸೊಸ್ಯಾರು ಕೇಳ್ತಾರ.”

ಹನ್ನೆರಡು ವರ್ಷ. ಆಗ ನಾನು ಮೊದಲ ಸಲ ಅದನ್ನು ಎಣಿಸಿ ನೋಡಿದೆ. ಹಬ್ಬಕ್ಕೆ ಅವರ ಮನೆಯಿಂದ ಹೋಳಿಗೆ ಡಬ್ಬಿ ತಪ್ಪದೆ ಬರುತ್ತದೆ. ಡಬ್ಬಿ ಖಾಲಿ ಹೋಗಬಾರದೆಂದು ಅಕ್ಕ ಸಕ್ಕರೆಯನ್ನೋ ಬಾಳೆಹಣ್ಣನ್ನೋ ಹಾಕಿ ಕಳಿಸುತ್ತಾಳೆ. ಒಮ್ಮೆಯೂ ಮಾಡಿದ ಅಡುಗೆ ಹಾಕಿದವಳಲ್ಲ. ಹಾಕಬೇಡ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಅವಳಿಗೆ ಡೆಂಗಿ ಬಂದಾಗ ಮೂರು ದಿನ ಇದೇ ಶರಣಮ್ಮ ಗಂಜಿ ಕಾಯಿಸಿ ತಂದು ಕಾದು ಕೂತರು. ಗೇಟಿನ ಹೊರಗೆ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು. ಪ್ರೀತಿ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಅದೇ ಹೆಚ್ಚು ಸುಸ್ತು ಮಾಡುವ ವಿಷಯ.

“ಹಂಗಾದ್ರ ಈಗ ಬರ್ರಿ ಯವ್ವಾ” ಅಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. ಶಾಲೆಯ ಮೊದಲ ದಿನ ಅಳುವ ಮಗುವನ್ನು ಕರೆಯುವ ದನಿ ಅದು. “ಬಾಗಲ ತೆರದೇ ಅದ. ರೂಮು ನೋಡ್ರಿ, ಒಂದ್ ವಾಟಿ ಚಹಾ ಕುಡೀರಿ, ಸಹಿ ಹಾಕ್ರಿ. ಖರೇನೇ ಆಗ್ತದ.”

ಶರಣಮ್ಮ ಆ ಬಾಗಿಲನ್ನು ನೋಡಿದರು. ಸೆರಗು ಸರಿಪಡಿಸಿಕೊಂಡು ಎದ್ದೂ ನಿಂತರು. ಎರಡು ಹೆಜ್ಜೆ ಇಟ್ಟರು ಕೂಡ. ಓಣಿಯ ಆ ತುದಿ, ಈ ತುದಿ ನೋಡಿದರು.

“ಒಲಿ ಮ್ಯಾಲ ಬ್ಯಾಳಿ ಇಟ್ಟೀನಿ. ನಾಳಿ ಬರ್ತೀನಿ ತಗೋರಿ” ಎಂದು ಒಳಗೆ ಹೋದರು.

ಉಳಿದ ಮನೆಗಳಿಗೂ ಹೋದೆವು. ಎಲ್ಲರೂ ಕೂಡ್ರಿ, ನೀರು ಕುಡೀರಿ ಅಂದರು. ಸಹಿಯ ಮಾತಿಗೆ ಎಲ್ಲರದ್ದೂ ಅದೇ ಉತ್ತರ, ನಾವು ಒಳಗ ಬಂದಿಲ್ಲಲ್ರಿ. ಪಾಪ, ನಿಜ. ಇಡೀ ಓಣಿಯಲ್ಲಿ ಒಬ್ಬರೂ ಬಂದಿಲ್ಲ. ವಾಪಸ್ ಬರುವಾಗ, ಯಾರಿಂದಲಾದರೂ ಹೇಗಾದರೂ ಎರಡು ಸಹಿ ಹಾಕಿಸೋಣ ಅಂದೆ. ಅಕ್ಕ ಒಪ್ಪಲಿಲ್ಲ. “ಸುಳ್ಳು ಕಾಗದ ಬ್ಯಾಡ ಬೇ. ಅದನ್ನ ತೂಗ ಹಾಕ್ಕೊಂಡು ನಾ ದಿನಾ ಹೆಂಗ ನೋಡ್ಲಿ?” ಅಂದವಳು ತನ್ನ ಮನೆಯ ಕಟ್ಟೆಯ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತಳು. ನಾನು ಪಕ್ಕದಲ್ಲಿ ಕೂತೆ.

ಹೋದ ಭಾನುವಾರ ಮತ್ತೆ ಗಬ್ಬೂರಿಗೆ ಹೋಗಿದ್ದೆ. ಆ್ಯಪ್‌ನವರು ಅಕ್ಕನ ಮನೆಯನ್ನು ಪಟ್ಟಿಯಿಂದ ತೆಗೆದಿದ್ದಾರೆ. ಮೇಲಿನ ರೂಮುಗಳಲ್ಲಿ ಅಕ್ಕ ಹಾಸಿಗೆ ಮಡಚಿ ಇಟ್ಟಿದ್ದಾಳೆ. ನಾವು ಅಂಗಳದಲ್ಲಿ ನಿಂತಿದ್ದಾಗ ಶರಣಮ್ಮ ತಮ್ಮ ಕಟ್ಟೆಯಿಂದಲೇ ಕೂಗಿ ಕೇಳಿದರು.

“ಇನ್ನೂ ಲೈಸೆನ್ಸ್ ಬರಲಿಲ್ಲೇನ್ರಿ ಟೀಚರ್? ಈ ಸರ್ಕಾರದವ್ರು ಮಂದಿಗಿ ಭಾಳ ತ್ರಾಸ ಕೊಡ್ತಾರ್ರಿ.”

ನಾಟಕವಲ್ಲ, ಮನಸಾರೆ ನೊಂದು ಹೇಳಿದರು. “ಹೌದ್ರಿ ಯವ್ವಾ” ಅಂದಳು ಅಕ್ಕ.

ನಮ್ಮ ಅಕ್ಕನ ಓಣಿ ಹನ್ನೆರಡು ಅಡಿ ಅಗಲ. ಅದನ್ನು ದಾಟಿ ಬರಲು ಅನುಮತಿ ಯಾವ ಕಚೇರಿಯಲ್ಲಿ ಸಿಗುತ್ತದೆ, ನಿಮಗೇನಾದರೂ ಗೊತ್ತೇ?